ಯಾವುದು ಸಹಜ, ಯಾವುದು ಅಸಹಜ?



ಮಾನಸಿಕ ಆರೋಗ್ಯವನ್ನು ಕುರಿತ ಮಾತುಕತೆ ಯಾವ ಊರಿನಲ್ಲಿ ನಡೆದರೂ ಜನ ಕೇಳುವ ಪ್ರಶ್ನೆ ಒಂದೇ: "ಅದು ಅವನ ಸ್ವಭಾವವೋ, ಕಾಯಿಲೆಯೋ?" ಪ್ರಶ್ನೆ ಚಿಕ್ಕದು. ಆದರೆ ಉತ್ತರದ ಮೇಲೆ ಒಬ್ಬರ ಬದುಕೇ ನಿಂತಿರುತ್ತದೆ. ಕಾಯಿಲೆ ಇಲ್ಲದೆಯೂ 'ಹುಚ್ಚ' ಎನಿಸಿಕೊಂಡವನಿಗೆ ಕೆಲಸ ಸಿಗುವುದಿಲ್ಲ, ಸಂಬಂಧ ಕೂಡಿಬರುವುದಿಲ್ಲ. ಕಾಯಿಲೆ ಇದ್ದೂ 'ಸೋಮಾರಿ' ಎನಿಸಿಕೊಂಡವನಿಗೆ ಚಿಕಿತ್ಸೆ ಸಿಗುವುದಿಲ್ಲ. ಹಾಗಾದರೆ ಮನೋವಿಜ್ಞಾನಿಗಳು ಈ ಗೆರೆಯನ್ನು ಎಲ್ಲಿ ಎಳೆಯುತ್ತಾರೆ? ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ದಿನನಿತ್ಯದ ಬದುಕಿನಿಂದಲೇ ಉದಾಹರಣೆಗಳನ್ನು ತೆಗೆದುಕೊಂಡು ನೋಡೋಣ.

ನಾನು ವಿಜ್ಞಾನದ ಪದವೀಧರ. ನೀರು 100 ಡಿಗ್ರಿಗೆ ಕುದಿಯುತ್ತದೆ ಎಂದು ಕಲಿತವನು. ಆದರೆ ಮಧುಗಿರಿಯ ಏಕಶಿಲಾ ಬೆಟ್ಟದ ತುದಿಯಲ್ಲಿ ಅದೇ ನೀರು ಅದಕ್ಕಿಂತ ಕಡಿಮೆ ಉಷ್ಣತೆಯಲ್ಲೇ ಕುದಿಯುತ್ತದೆ. ನೀರಿನ ಮಾತೇ ಹೀಗಿರುವಾಗ, ಮನುಷ್ಯನ ವರ್ತನೆಯನ್ನು ಅದು ನಡೆದ ನೆಲೆಯಲ್ಲಿಟ್ಟು ಅಳೆಯದೆ ಬೇರೆ ದಾರಿಯಿಲ್ಲ. ಇದಕ್ಕಾಗಿ ಮನೋವಿಜ್ಞಾನದಲ್ಲಿ ಮುಖ್ಯವಾಗಿ ನಾಲ್ಕು ಅಳತೆಗೋಲುಗಳಿವೆ.

ಮೊದಲನೆಯದು ವಿರಳತೆ. ಹೆಚ್ಚು ಜನರಲ್ಲಿ ಕಾಣದ ವರ್ತನೆ ಅಸಹಜ ಎನ್ನುತ್ತದೆ ಈ ಅಳತೆಗೋಲು. ಶಿರಾ ಸಂತೆಯಲ್ಲಿ ಒಬ್ಬ ವ್ಯಾಪಾರಿ ಇಡೀ ದಿನದ ಲೆಕ್ಕವನ್ನು ಕಾಗದವಿಲ್ಲದೆ ಬಾಯಲ್ಲೇ ಒಪ್ಪಿಸಿದರೆ ಅದು ವಿರಳವೇ, ಆದರೆ ಕಾಯಿಲೆಯಲ್ಲ. ಇನ್ನೊಂದು ಕಡೆ, ಊರಿನ ಅರ್ಧ ಗಂಡಸರು ಸಂಜೆ ಕುಡಿಯುತ್ತಾರೆಂದ ಮಾತ್ರಕ್ಕೆ ಕುಡಿತದ ಚಟ ಆರೋಗ್ಯವಾಗುವುದಿಲ್ಲ.

ಎರಡನೆಯದು ಸಮಾಜದ ಕಟ್ಟಳೆ. ಜಾತ್ರೆಯ ದಿನ ಮೈಮೇಲೆ ದೇವರು ಬಂದು ಕುಣಿದವರು ಮರುದಿನ ಎಂದಿನಂತೆ ಹೊಲಕ್ಕೆ ಹೋದರೆ ಊರು ಅದನ್ನು ಸಹಜವೆಂದೇ ಒಪ್ಪುತ್ತದೆ. ಮನೋವೈದ್ಯರೂ ಅದನ್ನು ಕಾಯಿಲೆ ಎನ್ನುವುದಿಲ್ಲ. ಆದರೆ ಈ ಅಳತೆಗೋಲಿನಲ್ಲಿ ಅಪಾಯವೂ ಇದೆ. ಈ ಭಾಗದ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರನ್ನೂ ಬಾಣಂತಿಯರನ್ನೂ ಊರಾಚೆ ಇರಿಸುವ ಪದ್ಧತಿ ಬಹುಕಾಲದಿಂದ ಬಂದಿದೆ. ಓದಿದ ಹುಡುಗಿಯೊಬ್ಬಳು "ನಾನು ಹೋಗುವುದಿಲ್ಲ" ಎಂದರೆ ಆಕೆ ಕಟ್ಟಳೆಯನ್ನು ಮುರಿದಂತಾಯಿತು. ಅಷ್ಟಕ್ಕೇ ಆಕೆಯ ಬುದ್ಧಿ ಕೆಟ್ಟಿದೆ ಎನ್ನಬಹುದೇ? ಹಿಂದಿನ ಸೋವಿಯತ್ ಒಕ್ಕೂಟದಲ್ಲಿ ಸರ್ಕಾರವನ್ನು ಟೀಕಿಸಿದವರಿಗೆ ಸ್ಕಿಜೋಫ್ರೇನಿಯಾ ಎಂಬ ಹಣೆಪಟ್ಟಿ ಹಚ್ಚಿ ಆಸ್ಪತ್ರೆಗಳಲ್ಲಿ ಕೂಡಿಹಾಕಿದ್ದುಂಟು. ಸಲಿಂಗಕಾಮವನ್ನು ಅಮೆರಿಕದ ಮನೋವೈದ್ಯರ ಸಂಘ 1973ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ಕಾಯಿಲೆಗಳ ಪಟ್ಟಿಯಿಂದ ಕೈಬಿಟ್ಟವು. ಬದಲಾದದ್ದು ಆ ಜನರಲ್ಲ, ನೋಡುವ ಕಣ್ಣು.

ಮೂರನೆಯದು ಯಾತನೆ. ಮಳೆ ಕೈಕೊಟ್ಟು, ಬಿತ್ತಿದ ಕಡಲೆಕಾಯಿ ಒಣಗಿದಾಗ ಪಾವಗಡದ ರೈತನಿಗೆ ನಿದ್ದೆ ಬಾರದಿರುವುದು ಸಹಜ ದುಃಖ. ಹಾಗೆಂದು ಯಾತನೆಯೊಂದೇ ಗುರುತಲ್ಲ. ಉನ್ಮಾದದ ಕಾಯಿಲೆಯಲ್ಲಿ ರೋಗಿ ಅತಿಯಾದ ಉತ್ಸಾಹದಲ್ಲಿ ತೇಲುತ್ತಿರಬಹುದು. ನೋವು ಅನುಭವಿಸುವವರು ಮನೆಯವರು.

ನಾಲ್ಕನೆಯದು ಬದುಕಿನ ಕೆಲಸಗಳಿಗೆ ಬರುವ ಅಡ್ಡಿ. ಊಟ, ಸ್ನಾನ, ದುಡಿಮೆ, ಮಕ್ಕಳ ಆರೈಕೆ, ನಾಲ್ಕು ಜನರೊಡನೆ ಮಾತು: ಇವು ನಿಂತುಹೋದರೆ ಎಚ್ಚರವಹಿಸಬೇಕು.

ಇವುಗಳಲ್ಲಿ ಯಾವುದೊಂದೂ ಒಂಟಿಯಾಗಿ ಸಾಲದು. ತಜ್ಞರು ಎಲ್ಲವನ್ನೂ ಕೂಡಿಸಿ, ಮತ್ತೆ ಮೂರು ಪ್ರಶ್ನೆ ಕೇಳುತ್ತಾರೆ. ಎಷ್ಟು ದಿನದಿಂದ? ಎಷ್ಟು ತೀವ್ರವಾಗಿ? ಈ ವ್ಯಕ್ತಿ ಮೊದಲು ಹೇಗಿದ್ದರು? ಪಕ್ಕದ ಮನೆಯವರೊಂದಿಗೆ ಹೋಲಿಸುವುದಕ್ಕಿಂತ ಅವರ ಹಿಂದಿನ ಬದುಕಿನೊಂದಿಗೇ ಹೋಲಿಸುವುದು ಹೆಚ್ಚು ಸರಿ. ಆ ರೈತನ ಬೇಸರ ಎರಡು ವಾರ ಕಳೆದರೂ ಬಿಡದೆ, ಹಸಿವು ನಿದ್ದೆಗಳನ್ನು ಕೆಡಿಸಿ, "ನಾನಿದ್ದು ಏನು ಪ್ರಯೋಜನ" ಎನ್ನಿಸತೊಡಗಿದರೆ ಅದು ಖಿನ್ನತೆಯಾಗಿರಬಹುದು. ಆಗ ವೈದ್ಯರನ್ನು ಕಾಣಬೇಕು.

ನಮ್ಮ ಕಾನೂನೂ ಇದನ್ನೇ ಹೇಳುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಒಪ್ಪಿತ ವೈದ್ಯಕೀಯ ಮಾನದಂಡಗಳಿಂದ ಮಾತ್ರ ಕಾಯಿಲೆಯನ್ನು ನಿರ್ಧರಿಸಬೇಕು. ಸಮಾಜದ ನೀತಿ, ಸಂಸ್ಕೃತಿ, ಧಾರ್ಮಿಕ ನಂಬಿಕೆಗಳಿಗೆ ಹೊಂದಿಕೊಳ್ಳಲಿಲ್ಲ ಎಂಬುದು ಅದಕ್ಕೆ ಆಧಾರವಾಗಕೂಡದು. ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನೂ ಅದು ನಿಷೇಧಿಸಿದೆ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಸರಪಳಿ ಬಿಗಿದಿದ್ದ ರೋಗಿಗಳು ಓಡಲಾಗದೆ ಸುಟ್ಟುಹೋದದ್ದನ್ನು ಮರೆಯುವುದು ಹೇಗೆ?

ಇನ್ನು, ಕಾಯಿಲೆ ಇಲ್ಲದಿರುವುದಷ್ಟೇ ಮಾನಸಿಕ ಆರೋಗ್ಯವಲ್ಲ. ತನ್ನ ಸಾಮರ್ಥ್ಯವನ್ನು ಅರಿತು, ಬದುಕಿನ ಒತ್ತಡಗಳನ್ನು ನಿಭಾಯಿಸಿ, ಚೆನ್ನಾಗಿ ದುಡಿದು, ಸಮುದಾಯಕ್ಕೂ ನೆರವಾಗಬಲ್ಲ ಸ್ಥಿತಿಯೇ ಮಾನಸಿಕ ಆರೋಗ್ಯ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಇಲ್ಲಿ ಒಂದು ಮಾತನ್ನು ವಿಶೇಷವಾಗಿ ಗಮನಿಸಿ. ಬೀದಿಯಲ್ಲಿ ಕೂಗುವವರು ಎಲ್ಲರ ಕಣ್ಣಿಗೂ ಬೀಳುತ್ತಾರೆ. ಒಲೆಯ ಮುಂದೆ ಸುಮ್ಮನೆ ಕೂತು, ತಿಂಗಳುಗಟ್ಟಲೆ ನಗುವನ್ನೇ ಮರೆತ ಸೊಸೆ ಯಾರ ಕಣ್ಣಿಗೂ ಬೀಳುವುದಿಲ್ಲ. ಆಕೆ ಯಾವ ಕಟ್ಟಳೆಯನ್ನೂ ಮುರಿದಿಲ್ಲ; "ಎಷ್ಟು ಒಳ್ಳೆಯ ಹುಡುಗಿ" ಎನ್ನುತ್ತೇವೆ. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಮಾನಸಿಕ ತೊಂದರೆ ಇತ್ತು. ಬೇರೆಬೇರೆ ಕಾಯಿಲೆಗಳಲ್ಲಿ ಶೇ. 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ.

ಚಿಕಿತ್ಸೆಗಾಗಿ ಎಲ್ಲರೂ ಬೆಂಗಳೂರಿಗೇ ಬರಬೇಕಾಗಿಲ್ಲ. ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಮಾನಸಿಕ ಚಿಕಿತ್ಸೆ ಸಾಧ್ಯವೆಂದು ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿಕೊಟ್ಟಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಈ ಸಂಜೆ ನಿಮ್ಮ ಮನೆಯ ಸದ್ದಿಲ್ಲದ ಮೂಲೆಯತ್ತ ಒಮ್ಮೆ ನೋಡಿ. "ಇವರು ಮೊದಲು ಹೀಗಿದ್ದರೇ?" ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಇಲ್ಲ ಎನಿಸಿದರೆ ಹತ್ತಿರ ಹೋಗಿ, ಕುಳಿತು, ಮಾತನಾಡಿಸಿ.