ಮಾಲೆ ತೆಗೆದ ಮರುದಿನ

ಕಾರ್ತಿಕ ಮುಗಿಯುವ ಹೊತ್ತಿಗೆ ಕರ್ನಾಟಕದ ಎಷ್ಟೋ ಊರುಗಳಲ್ಲಿ ಒಂದು ಸಣ್ಣ ಪವಾಡ ನಡೆಯುತ್ತದೆ. ವರ್ಷವಿಡೀ ಸಂಜೆಯಾದರೆ ಒಂದು ಕ್ವಾರ್ಟರ್ ಇಲ್ಲದೆ ಮನೆಗೆ ಬಾರದ ಆಟೋ ಚಾಲಕ, ಗಾರೆ ಮೇಸ್ತ್ರಿ, ಗ್ಯಾರೇಜಿನ ಹುಡುಗ, ಎಲ್ಲರೂ ಗುರುಸ್ವಾಮಿಯ ಕೈಯಿಂದ ಮಾಲೆ ಹಾಕಿಸಿಕೊಂಡು ಕಪ್ಪು ಪಂಚೆ ಉಡುತ್ತಾರೆ. ನಸುಕಿನಲ್ಲಿ ತಣ್ಣೀರು ಸ್ನಾನ, ಬರಿಗಾಲ ನಡಿಗೆ, ಚಾಪೆಯ ಮೇಲೆ ನಿದ್ದೆ, ಸಂಜೆ ಭಜನೆ. ಹೆಂಡತಿ ಮಕ್ಕಳೂ ಅವರನ್ನು ‘ಸ್ವಾಮಿ’ ಎಂದೇ ಕರೆಯುತ್ತಾರೆ. 41 ದಿನ ಒಂದು ತೊಟ್ಟು ಮುಟ್ಟುವುದಿಲ್ಲ. ಇರುಮುಡಿ ಹೊತ್ತು ಶಬರಿಮಲೆಗೆ ಹೋಗಿ ಬಂದು ಮಾಲೆ ತೆಗೆದ ಮರುದಿನ ಅವರಲ್ಲಿ ಹಲವರು ಅದೇ ವೈನ್ ಶಾಪಿನ ಕೌಂಟರಿನಲ್ಲಿ ಕಾಣುತ್ತಾರೆ.

ಮನೆಯವರು ಆಗ ಆಡುವ ಮಾತು ಒಂದೇ: ‘ಅಷ್ಟು ದಿನ ಬಿಟ್ಟಿದ್ದವನಿಗೆ ಈಗ ಯಾಕೆ ಆಗಲ್ಲ? ಎಲ್ಲಾ ಕೊಬ್ಬು.’ ಪ್ರಶ್ನೆ ನ್ಯಾಯವಾದದ್ದೇ, ಉತ್ತರ ಮಾತ್ರ ಸರಿಯಲ್ಲ. ಕುಡಿತ ನಿಲ್ಲಿಸುವುದು ಒಂದು ಕೆಲಸ, ನಿಲ್ಲಿಸಿದವನು ಹಾಗೆಯೇ ಉಳಿಯುವುದು ಇನ್ನೊಂದು. ಇವೆರಡರಲ್ಲಿ ಧರ್ಮಕ್ಕೆ ಯಾವುದು ಸಾಧ್ಯ, ವೈದ್ಯಕ್ಕೆ ಯಾವುದು ಸಾಧ್ಯ ಎಂಬ ಚರ್ಚೆಗೆ ಹತ್ತಿರ ಹತ್ತಿರ ನೂರು ವರ್ಷದ ಇತಿಹಾಸವಿದೆ. ಅದರ ಮುಖ್ಯ ಅಧ್ಯಾಯ ನಡೆದದ್ದು ಅಮೆರಿಕದ ಒಹಾಯೊ ರಾಜ್ಯದ ಆಕ್ರನ್ ಎಂಬ ಟೈರು ಕಾರ್ಖಾನೆಗಳ ಊರಿನಲ್ಲಿ.

ಬಿಲ್ ವಿಲ್ಸನ್ ನ್ಯೂಯಾರ್ಕಿನ ಷೇರುಪೇಟೆಯಲ್ಲಿ ಮೇಲೆ ಬಂದು, ಕುಡಿದು ಎಲ್ಲವನ್ನೂ ಕಳೆದುಕೊಂಡವನು. 1934ರ ಕೊನೆಯಲ್ಲಿ ಅವನ ಹಳೆಯ ಕುಡಿತದ ಗೆಳೆಯ ಎಬ್ಬಿ ಥ್ಯಾಚರ್ ಮನೆಗೆ ಬಂದ. ಬಿಲ್ ಮುಂದಿಟ್ಟ ಗ್ಲಾಸನ್ನು ಬೇಡವೆಂದು ತಳ್ಳಿದ. ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಸಂಘ ಸೇರಿ ಬದಲಾಗಿದ್ದೇನೆ ಎಂದ. ದೇವರ ಮಾತು ಬಿಲ್‌ಗೆ ಹಿಡಿಸಲಿಲ್ಲ. ಆದರೂ ಆ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಟೌನ್ಸ್ ಆಸ್ಪತ್ರೆಯ ಹಾಸಿಗೆಯಲ್ಲಿ ಹತಾಶನಾಗಿ ಮೊರೆಯಿಟ್ಟಾಗ ಕೋಣೆಯೆಲ್ಲ ಬೆಳಕು ತುಂಬಿದಂತೆ ಅವನಿಗೆ ಅನಿಸಿತು. ಎಚ್ಚೆತ್ತ ಮೇಲೆ ತನಗೆ ಹುಚ್ಚು ಹಿಡಿಯಿತೇನೋ ಎಂದು ಹೆದರಿ ಡಾಕ್ಟರ್ ವಿಲಿಯಂ ಸಿಲ್ಕ್‌ವರ್ತ್ ಅವರನ್ನು ಕೇಳಿದ. ಹುಚ್ಚಲ್ಲ, ಅದೇನೇ ಇರಲಿ ಬಿಡಬೇಡ ಎಂದರು ಡಾಕ್ಟರ್. 1971ರಲ್ಲಿ ಸಾಯುವವರೆಗೆ ಬಿಲ್ ಮತ್ತೆ ಕುಡಿಯಲಿಲ್ಲ.

ಭಕ್ತಿಕಥೆಯಾಗಿದ್ದರೆ ಇಲ್ಲಿಗೇ ಮಂಗಳ ಹಾಡಬಹುದಿತ್ತು. ನಿಜವಾದ ಪಾಠ ಶುರುವಾಗುವುದು ಇದರ ಮುಂದೆ. ಹೊಸ ಹುರುಪಿನ ಬಿಲ್ ಮುಂದಿನ ಐದು ತಿಂಗಳು ಕಂಡಕಂಡ ಕುಡುಕರಿಗೆಲ್ಲ ತಾನು ಕಂಡ ಬೆಳಕಿನ ಕಥೆ ಹೇಳಿದ. ಒಬ್ಬನೂ ಕುಡಿತ ಬಿಡಲಿಲ್ಲ. ಕಾರಣ ಹೇಳಿದವರು ಮತ್ತೆ ಡಾಕ್ಟರ್ ಸಿಲ್ಕ್‌ವರ್ತ್: ಉಪದೇಶ ನಿಲ್ಲಿಸು, ಮೊದಲು ಇದು ಕಾಯಿಲೆ ಎಂದು ತಿಳಿಸು, ದೇವರ ವಿಷಯ ಆಮೇಲೆ ನೋಡೋಣ.

1935ರ ಮೇ ತಿಂಗಳಲ್ಲಿ ವ್ಯವಹಾರವೊಂದಕ್ಕೆ ಆಕ್ರನ್‌ಗೆ ಬಂದ ಬಿಲ್, ಆ ಕೆಲಸ ಕೆಟ್ಟು, ಮೇಫ್ಲವರ್ ಹೋಟೆಲಿನ ಮೊಗಸಾಲೆಯಲ್ಲಿ ಒಬ್ಬನೇ ನಿಂತಿದ್ದ. ಒಂದು ಕಡೆ ಬಾರಿನ ಗದ್ದಲ, ಇನ್ನೊಂದು ಕಡೆ ಟೆಲಿಫೋನು, ಪಕ್ಕದಲ್ಲಿ ಊರಿನ ಚರ್ಚುಗಳ ಪಟ್ಟಿ. ಇನ್ನೊಬ್ಬ ಕುಡುಕನ ಜೊತೆ ಮಾತಾಡದಿದ್ದರೆ ತಾನು ಉಳಿಯುವುದಿಲ್ಲ ಎನಿಸಿ ಪಾದ್ರಿಯೊಬ್ಬರಿಗೆ ಫೋನ್ ಮಾಡಿದ. ಮಾತಿನಿಂದ ಮಾತಿಗೆ ದಾರಿ ಸಿಕ್ಕಿ, ಮರುದಿನ ರಾಬರ್ಟ್ ಸ್ಮಿತ್ ಎಂಬ ಶಸ್ತ್ರವೈದ್ಯರ ಭೇಟಿಯಾಯಿತು. ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂರುವುದಿಲ್ಲ ಎಂದು ಷರತ್ತು ಹಾಕಿಯೇ ಬಂದಿದ್ದ ಡಾಕ್ಟರ್ ಆರು ಗಂಟೆ ಕೂತರು.

ಗಮನಿಸಬೇಕಾದ ವಿವರ ಒಂದಿದೆ. ಡಾಕ್ಟರ್ ಸ್ಮಿತ್ ಅದಕ್ಕೂ ಮುಂಚೆ ಎರಡು ವರ್ಷಕ್ಕೂ ಹೆಚ್ಚು ಕಾಲದಿಂದ ಅದೇ ಆಕ್ಸ್‌ಫರ್ಡ್ ಗ್ರೂಪಿನ ಸಭೆಗಳಿಗೆ ಹೋಗುತ್ತಿದ್ದರು. ಪ್ರಾರ್ಥನೆ ಮಾಡುತ್ತಿದ್ದರು, ಬೈಬಲ್ ಓದುತ್ತಿದ್ದರು, ಕುಡಿಯುತ್ತಲೂ ಇದ್ದರು. ಅಂದರೆ ಬಿಲ್ ಅವರಿಗೆ ದೇವರನ್ನು ಹೊಸದಾಗಿ ತಂದುಕೊಡಲಿಲ್ಲ. ತನ್ನಂತೆಯೇ ಬಿದ್ದು ಎದ್ದ ಒಬ್ಬ ಮನುಷ್ಯ ಎದುರಿಗೆ ಕೂತು, ಬುದ್ಧಿ ಹೇಳದೆ, ತನ್ನ ಕಥೆ ಹೇಳಿಕೊಂಡದ್ದು ಹೊಸದು. ಅದೂ ಒಂದೇ ಸಲಕ್ಕೆ ಫಲಿಸಲಿಲ್ಲ. ಸ್ಮಿತ್ ಮತ್ತೊಮ್ಮೆ ಜಾರಿದರು. ಅವರ ಕೊನೆಯ ಕುಡಿತ 1935ರ ಜೂನ್ 10ರದ್ದು ಎನ್ನುತ್ತಾರೆ: ಆಪರೇಷನ್‌ಗೆ ಹೋಗುವ ಮುನ್ನ ಕೈ ನಡುಗದಿರಲೆಂದು ಬಿಲ್ಲೇ ಕೊಟ್ಟ ಒಂದು ಬಿಯರ್. ಆ ದಿನವನ್ನೇ ಆಲ್ಕೋಹಾಲಿಕ್ಸ್ ಅನಾನಿಮಸ್, ಅಂದರೆ ಇಂದು ಜಗತ್ತಿನಾದ್ಯಂತ ‘ಎಎ’ ಎಂದು ಕರೆಯುವ ಸಂಘಟನೆಯ ಹುಟ್ಟುಹಬ್ಬ ಎಂದು ಆಚರಿಸುತ್ತಾರೆ.

ಆಕ್ರನ್‌ನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಸಿಸ್ಟರ್ ಇಗ್ನೇಷಿಯಾ ಎಂಬ ಸಣಕಲು ಮೈಯ ಸನ್ಯಾಸಿನಿ ದಾಖಲಾತಿ ವಿಭಾಗದಲ್ಲಿದ್ದರು. ಕುಡುಕರನ್ನು ಸೇರಿಸಿಕೊಳ್ಳಲು ಆಸ್ಪತ್ರೆಗಳು ಒಪ್ಪದ ಕಾಲ ಅದು. 1939ರಲ್ಲಿ ಅವರು ಡಾಕ್ಟರ್ ಸ್ಮಿತ್ ಕರೆತಂದ ಒಬ್ಬ ರೋಗಿಯನ್ನು ಹೊಟ್ಟೆಯ ಉರಿಯೂತ ಎಂದು ಬರೆದುಕೊಂಡು ಒಳಗೆ ಸೇರಿಸಿದರು. ಸುಳ್ಳು ಬರೆದದ್ದಕ್ಕೆ ಆ ತಾಯಿ ದೇವರಲ್ಲಿ ಹೇಗೆ ಲೆಕ್ಕ ಒಪ್ಪಿಸಿದರೋ! ಅಲ್ಲಿ ಕೆಲವು ದಿನ ಇದ್ದು ಮನೆಗೆ ಹೊರಟವರ ಕೈಗೆ ಅವರು ಯೇಸುವಿನ ಪವಿತ್ರ ಹೃದಯದ ಒಂದು ಸಣ್ಣ ಬ್ಯಾಡ್ಜು ಕೊಡುತ್ತಿದ್ದರು. ಷರತ್ತು ಒಂದೇ: ಮತ್ತೆ ಕುಡಿಯಬೇಕೆನಿಸಿದರೆ ಮೊದಲು ಬಂದು ಇದನ್ನು ನನ್ನ ಕೈಗೇ ವಾಪಸ್ಸು ಕೊಡಬೇಕು.

ನಮ್ಮ ಮಾಲೆ ಮಾಡುವುದೂ ಇದೇ ಕೆಲಸ. ಅದನ್ನು ಕತ್ತಿನಲ್ಲಿಟ್ಟುಕೊಂಡು ಕುಡಿಯುವಂತಿಲ್ಲ. ಊರಿನ ಕಣ್ಣು, ಗುರುಸ್ವಾಮಿಯ ಭಯ, ಜೊತೆಗಿರುವ ಹತ್ತು ಸ್ವಾಮಿಗಳ ಸಂಗ, ಹಳೆಯ ಗೆಳೆಯರು ಕರೆಯದೇ ಇರುವ ಮರ್ಯಾದೆ, ದಿನಕ್ಕೆರಡು ಹೊತ್ತಿನ ಕಟ್ಟುಪಾಡು, ಎಲ್ಲವೂ ಸೇರಿ ಅವನನ್ನು ಹಿಡಿದು ನಿಲ್ಲಿಸುತ್ತವೆ. ಶ್ರಾವಣದಲ್ಲಿ, ರಂಜಾನಿನಲ್ಲಿ, ಕರಾವಳಿಯ ಕ್ರೈಸ್ತರ ತಪಸ್ಸಿನ ಕಾಲದಲ್ಲಿ ಬಾಟಲಿ ಬದಿಗಿಡುವವರದ್ದೂ ಇದೇ ಕಥೆ. ವ್ಯತ್ಯಾಸ ಇರುವುದು ಗಡುವಿನಲ್ಲಿ. ವ್ರತ ಮುಗಿಯುವ ದಿನ ಮೊದಲೇ ಗೊತ್ತು. ಆ ದಿನ ಬಂದಾಗ ಮಾಲೆಯೊಂದಿಗೆ ಸಂಗವೂ ಕಟ್ಟುಪಾಡೂ ಕಳಚುತ್ತವೆ, ಕುಡಿಯುವ ಸಂಜೆ ಮಾತ್ರ ಹಾಗೆಯೇ ಉಳಿದಿರುತ್ತದೆ. ಇಗ್ನೇಷಿಯಾ ಕೊಟ್ಟ ಬ್ಯಾಡ್ಜಿಗೆ ಕೊನೆಯ ದಿನ ಎಂಬುದಿರಲಿಲ್ಲ. ಎಎ ಸಭೆಗೂ ಇಲ್ಲ.

ಇನ್ನು ದೇವರ ವಿಚಾರ. 1939ರಲ್ಲಿ, ಕುಡಿತ ಬಿಡಲು ತಾವು ಅನುಸರಿಸುವ ಹನ್ನೆರಡು ಮೆಟ್ಟಿಲುಗಳನ್ನು ವಿವರಿಸುವ ಪುಸ್ತಕ ಅಚ್ಚಿಗೆ ಹೋಗುವ ಮುನ್ನ ಎಎ ಸದಸ್ಯರ ನಡುವೆ ದೊಡ್ಡ ವಾಗ್ವಾದವೇ ನಡೆಯಿತು. ಜಿಮ್ ಬರ್ವೆಲ್ ಎಂಬ ಹಠಮಾರಿ ನಾಸ್ತಿಕ ದೇವರ ಹೆಸರನ್ನು ಇಷ್ಟು ಗಟ್ಟಿಯಾಗಿ ಹೇಳಕೂಡದು ಎಂದು ಪಟ್ಟು ಹಿಡಿದ. ಕೊನೆಗೆ ಆದ ರಾಜಿ ಏನೆಂದರೆ, ದೇವರೆಂದರೆ ಅವರವರು ತಿಳಿದುಕೊಂಡಂಥ ದೇವರು. ತನಗಿಂತ ದೊಡ್ಡದೊಂದು ಇದೆ ಎಂದು ಒಪ್ಪಿದರೆ ಸಾಕು, ಆ ದೊಡ್ಡದು ಎದುರಿಗೆ ಕೂತ ಗುಂಪೇ ಆದರೂ ನಡೆಯುತ್ತದೆ. ಇಷ್ಟದೈವದ ಕಲ್ಪನೆ ರಕ್ತದಲ್ಲೇ ಇರುವ ನಮಗೆ ಇದು ವಿಶೇಷ ಎನಿಸದು. ಆದರೆ ಹನ್ನೆರಡು ಮೆಟ್ಟಿಲುಗಳ ಈ ಕ್ರಮ ಕ್ರೈಸ್ತ ದೇಶಗಳಾಚೆ, ಭಾರತದವರೆಗೆ ಬರಲು ಈ ಸಡಿಲಿಕೆಯೂ ಒಂದು ಕಾರಣ. ಬೆಂಗಳೂರಿನಲ್ಲಿ ಎಎ ಸಭೆಗಳು ಹಲವು ವರ್ಷಗಳಿಂದ ನಡೆಯುತ್ತಿವೆ. ಶುಲ್ಕವಿಲ್ಲ, ಹಾಜರಿ ಪುಸ್ತಕವಿಲ್ಲ, ಪೂರ್ತಿ ಹೆಸರು ಯಾರೂ ಕೇಳುವುದಿಲ್ಲ.

ಇದರಿಂದ ಪ್ರಯೋಜನ ಉಂಟೇ? ಬಹಳ ಕಾಲ ವೈದ್ಯ ಸಂಶೋಧಕರು ಎಎಯನ್ನು ಅನುಮಾನದಿಂದಲೇ ನೋಡಿದರು. ಹೆಸರಿಲ್ಲದವರ ಮೇಲೆ ಅಧ್ಯಯನ ಮಾಡುವುದಾದರೂ ಹೇಗೆ? 2020ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆ ಪ್ರಕಟಿಸಿದ ಸಮೀಕ್ಷೆ 27 ಅಧ್ಯಯನಗಳನ್ನು, ಹತ್ತು ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡಿತು. ರೋಗಿಯನ್ನು ಕ್ರಮಬದ್ಧವಾಗಿ ಎಎಗೆ ಜೋಡಿಸುವ ಚಿಕಿತ್ಸೆ, ಪೂರ್ತಿ ಕುಡಿತ ಬಿಟ್ಟು ಉಳಿಯುವ ವಿಷಯದಲ್ಲಿ ಉಳಿದ ಮಾನಸಿಕ ಚಿಕಿತ್ಸೆಗಳಿಗೆ ಸಮ, ಕೆಲವೆಡೆ ಅವಕ್ಕಿಂತ ಮೇಲು ಎಂದು ಕಂಡಿತು. ಆ ಸಮೀಕ್ಷೆಯ ಲೇಖಕರಲ್ಲೊಬ್ಬರಾದ ಹಾರ್ವರ್ಡ್‌ನ ಜಾನ್ ಕೆಲ್ಲಿ, ಎಎ ಕೆಲಸ ಮಾಡುವುದು ಹೇಗೆ ಎಂಬುದನ್ನೂ ಬಿಡಿಸಿ ನೋಡಿದ್ದಾರೆ. ಹೆಚ್ಚಿನವರಲ್ಲಿ ಮುಖ್ಯ ಪಾತ್ರ ಗೆಳೆಯರ ಬಳಗ ಬದಲಾಗುವುದರದ್ದು, ‘ನನ್ನಿಂದ ಆಗುತ್ತದೆ’ ಎಂಬ ಧೈರ್ಯದ್ದು. ಅಧ್ಯಾತ್ಮದ ಪಾಲು ಹೆಚ್ಚು ಕಂಡದ್ದು ಕುಡಿತ ತೀರಾ ವಿಪರೀತಕ್ಕೆ ಹೋಗಿದ್ದವರಲ್ಲಿ. ನಾಸ್ತಿಕರು ಸಭೆಗಳಿಗೆ ಬರುವುದು ಕಡಿಮೆ, ಬಂದವರಿಗೆ ಸಿಗುವ ಲಾಭ ಮಾತ್ರ ಆಸ್ತಿಕರಷ್ಟೇ ಎಂದು ಬೇರೊಂದು ಅಧ್ಯಯನ ಹೇಳಿದೆ.

ದೇವರ ಹೆಸರೇ ಇಲ್ಲದೆಯೂ ಕೆಲಸ ಆಗುತ್ತದೆ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಂಗತ್ ಸಂಸ್ಥೆ ನಡೆಸಿದ, 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗ ಇದಕ್ಕೆ ಸಾಕ್ಷಿ. ಡಾಕ್ಟರಲ್ಲದ, ತರಬೇತಿ ಪಡೆದ ಸಾಮಾನ್ಯರೇ ಕೆಲವೇ ಸಲ ಕೂತು ಮಾತಾಡಿದರೂ ವಿಪರೀತ ಕುಡಿಯುವ ಗಂಡಸರಲ್ಲಿ ಕುಡಿತ ಹಿಡಿತಕ್ಕೆ ಬಂದವರ ಸಂಖ್ಯೆ ಹೆಚ್ಚಿತು.

ಧರ್ಮ ಕೆಡುವುದು ಬಲವಂತದಲ್ಲಿ. ಅಮೆರಿಕದ ಜೈಲುಗಳಲ್ಲಿ, ಪೆರೋಲಿನಲ್ಲಿ ಎಎ ಸಭೆ ಕಡ್ಡಾಯ ಮಾಡಿದಾಗ ಪ್ರಕರಣಗಳು ಕೋರ್ಟಿಗೆ ಹೋದವು. 1996ರಲ್ಲಿ ನ್ಯೂಯಾರ್ಕಿನ ಒಬ್ಬ ನಾಸ್ತಿಕ ಕೈದಿ ಗೆದ್ದ. 2007ರಲ್ಲಿ ಹವಾಯಿಯ ಬೌದ್ಧನೊಬ್ಬನ ಪರವಾಗಿ ತೀರ್ಪು ಬಂತು. ಪ್ರಾರ್ಥನೆಗೆ ಸರ್ಕಾರ ಯಾರನ್ನೂ ದಬ್ಬುವಂತಿಲ್ಲ ಎಂಬುದು ಸಾರ. ನಮ್ಮಲ್ಲಿ ದಬ್ಬುವವರು ಮನೆಯವರೇ. ಕುಡಿದ ಅಮಲಿನಲ್ಲಿದ್ದವನನ್ನು ನಾಲ್ಕು ಜನ ಹಿಡಿದು ದೇವಸ್ಥಾನದ ಮುಂದೆ ಆಣೆ ಮಾಡಿಸುತ್ತಾರೆ. ಆ ಆಣೆ ಮುರಿದಾಗ ಅವನ ತಲೆಯ ಮೇಲೆ ಕುಡಿತದ ಜೊತೆ ದೈವದ್ರೋಹದ ಭಾರವೂ ಬೀಳುತ್ತದೆ. ಆ ಭಾರ ಇಳಿಸಲು ಅವನಿಗೆ ಗೊತ್ತಿರುವ ದಾರಿ ಯಾವುದೆಂದು ಹೇಳಬೇಕಿಲ್ಲ.

ಕನ್ನಡನಾಡಿನ ದೊಡ್ಡ ಪ್ರಯೋಗ ಎಂದರೆ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಅಖಿಲ ಕರ್ನಾಟಕ ಜನಜಾಗೃತಿ ವೇದಿಕೆ ನಡೆಸಿಕೊಂಡು ಬಂದಿರುವ ಮದ್ಯವರ್ಜನ ಶಿಬಿರಗಳು. ಸಾವಿರಕ್ಕೂ ಹೆಚ್ಚು ಶಿಬಿರಗಳು ಆಗಿವೆ. ಊರಿನ ದೇವಸ್ಥಾನದ ಸಭಾಭವನವೋ ಸಮುದಾಯ ಭವನವೋ ಶಿಬಿರದ ಜಾಗ. ಸುಮಾರು ಎಂಟು ದಿನ ಅಲ್ಲೇ ವಾಸ. ಯೋಗ, ಭಜನೆ, ಸಲಹೆ, ಕೊನೆಯಲ್ಲಿ ಹೆಂಡತಿ ಮಕ್ಕಳನ್ನು ಎದುರಿಗೆ ಕೂರಿಸಿ ಮಾತು. ಕಣ್ಣೀರಿಡುವ ಆ ದಿನದ ಫೋಟೋಗಳೇ ಪತ್ರಿಕೆಗಳಲ್ಲಿ ಬರುತ್ತವೆ. ಶಿಬಿರದ ನಿಜವಾದ ಬಲ ಇರುವುದು ಫೋಟೋಕ್ಕೆ ಸಿಗದ ನವಜೀವನ ಸಮಿತಿಗಳಲ್ಲಿ. ಬಿಟ್ಟವರೇ ಊರೂರಿನಲ್ಲಿ ಸೇರಿ, ಒಬ್ಬರನ್ನೊಬ್ಬರು ವಿಚಾರಿಸಿಕೊಂಡು, ಮುಂದಿನ ಶಿಬಿರಕ್ಕೆ ಹೊಸಬರನ್ನು ಕರೆತರುತ್ತಾರೆ. ಆಕ್ರನ್‌ನಲ್ಲಿ ಕಂಡುಕೊಂಡದ್ದನ್ನೇ ಧರ್ಮಸ್ಥಳದವರು ತಮ್ಮ ದಾರಿಯಲ್ಲಿ ಕಂಡುಕೊಂಡರು. ಸಮಿತಿ ಗಟ್ಟಿಯಾಗಿರುವ ಊರಿಗೂ ಎಂಟು ದಿನಕ್ಕೇ ಎಲ್ಲ ಮುಗಿಸುವ ಊರಿಗೂ ಒಂದೇ ಫಲಿತಾಂಶ ನಿರೀಕ್ಷಿಸುವಂತಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ. ಕುಡಿತ ಬಿಟ್ಟ ಮೊದಲ ವಾರ ದೇವರದ್ದಲ್ಲ, ಡಾಕ್ಟರರದ್ದು.

ಮದ್ಯ ಮೆದುಳನ್ನು ಮಂಕಾಗಿಸುತ್ತದೆ. ವರ್ಷಗಟ್ಟಲೆ ದಿನವೂ ಕುಡಿಯುವವನ ಮೆದುಳು ಆ ಮಂಕನ್ನು ಸರಿದೂಗಿಸಲು ಸದಾ ಉದ್ರೇಕದ ಸ್ಥಿತಿಯಲ್ಲಿ ಕೆಲಸ ಮಾಡುವುದನ್ನು ರೂಢಿಸಿಕೊಂಡಿರುತ್ತದೆ. ಕುಡಿತ ಥಟ್ಟನೆ ನಿಂತಾಗ ಮಂಕು ಹೋಗುತ್ತದೆ, ಉದ್ರೇಕ ಉಳಿಯುತ್ತದೆ. ಕೆಲವೇ ಗಂಟೆಗಳಲ್ಲಿ ಕೈ ನಡುಕ, ಬೆವರು, ವಾಂತಿ, ನಿದ್ದೆಗೇಡು. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಕೆಲವರಿಗೆ ಸನ್ನಿ ಹಿಡಿಯುತ್ತದೆ: ಗೋಡೆಯ ಮೇಲೆ ಹುಳ ಕಾಣುತ್ತದೆ, ಇಲ್ಲದವರ ದನಿ ಕೇಳುತ್ತದೆ, ಜ್ವರ ಏರುತ್ತದೆ. ಚಿಕಿತ್ಸೆ ಸಿಗದಿದ್ದರೆ ಪ್ರಾಣವೇ ಹೋಗಬಹುದು. ಇದನ್ನು ದೆವ್ವ ಮೆಟ್ಟಿದೆ ಎಂದೋ ದೇವರ ಮುನಿಸು ಎಂದೋ ತಿಳಿದು ಮಂತ್ರವಾದಿಯ ಹತ್ತಿರ ಕರೆದೊಯ್ಯುವ ಮನೆಗಳು ಇಂದಿಗೂ ಇವೆ. ಆಸ್ಪತ್ರೆಯಲ್ಲಿ ಡಯಾಜಿಪಾಮ್ ಗುಂಪಿನ ಮಾತ್ರೆಗಳನ್ನು ಕ್ರಮವಾಗಿ ಇಳಿಸುತ್ತ, ಥಯಾಮಿನ್ ಎಂಬ ಬಿ1 ಜೀವಸತ್ವ ಕೊಡುತ್ತ ಈ ವಾರವನ್ನು ದಾಟಿಸುತ್ತಾರೆ. ಆದ್ದರಿಂದ ಬೆಳಿಗ್ಗೆ ಎದ್ದೊಡನೆ ಕುಡಿಯದಿದ್ದರೆ ಕೈ ನಡುಗುವವರು, ಹಿಂದೆ ಬಿಟ್ಟಾಗ ಫಿಟ್ಸ್ ಬಂದವರು ಮಾಲೆ ಹಾಕುವ ಮುಂಚೆ, ಶಿಬಿರ ಸೇರುವ ಮುಂಚೆ ಡಾಕ್ಟರನ್ನು ಕಾಣಲೇಬೇಕು.

ಆಮೇಲಿನ ತಿಂಗಳುಗಳಿಗೂ ಔಷಧಗಳಿವೆ. ಕುಡಿಯುವ ತುಡಿತವನ್ನು ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ನಮ್ಮಲ್ಲೂ ಸಿಗುತ್ತವೆ. ಡೈಸಲ್ಫಿರಾಮ್ ಹಳೆಯದು. 1940ರ ದಶಕದಲ್ಲಿ ಡೆನ್ಮಾರ್ಕಿನಲ್ಲಿ ಹೊಟ್ಟೆಹುಳುವಿನ ಔಷಧ ಹುಡುಕುತ್ತಿದ್ದ ಇಬ್ಬರು ಸಂಶೋಧಕರು ಅದನ್ನು ತಾವೇ ನುಂಗಿ, ಮೇಲೆ ಮದ್ಯ ಸೇವಿಸಿದಾಗ ಮುಖ ಕೆಂಪೇರಿ, ಎದೆ ಹೊಡೆದುಕೊಂಡು ಒದ್ದಾಡಿದರು. ಗುಣ ಗೊತ್ತಾದದ್ದು ಹಾಗೆ. ತಿಳಿದು ತೆಗೆದುಕೊಂಡರೆ ಅದು ಕಾವಲು, ಗುಟ್ಟಾಗಿ ಸಾರಿನಲ್ಲಿ ಕಲಸಿಕೊಟ್ಟರೆ ಅಪಾಯ. ಬಸ್ ನಿಲ್ದಾಣದ ಗೋಡೆಗಳ ಮೇಲೆ ‘ಗೊತ್ತಾಗದಂತೆ ಕುಡಿತ ಬಿಡಿಸುವ ಪುಡಿ’ಯ ಜಾಹೀರಾತು ಅಂಟಿಸುವವರು ಅದರಲ್ಲೇನಿದೆ ಎಂದು ಹೇಳುವುದಿಲ್ಲ. ಅಂಥದ್ದನ್ನು ತರಬೇಡಿ.

ಔಷಧ ಮತ್ತು ಸಂಗ ಎರಡನ್ನೂ ಒಂದೇ ಸೂರಿನಡಿ ತಂದ ಭಾರತದ ಹಳೆಯ ಕೇಂದ್ರಗಳಲ್ಲೊಂದು ಚೆನ್ನೈನ ಟಿಟಿಕೆ ಆಸ್ಪತ್ರೆ. ಕುಡಿತದಿಂದ ಗಂಡನನ್ನು ಕಳೆದುಕೊಂಡ ಶಾಂತಿ ರಂಗನಾಥನ್ 1980ರಲ್ಲಿ ಅದನ್ನು ಕಟ್ಟಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಆದರೂ 2019ರಲ್ಲಿ ಪ್ರಕಟವಾದ ಏಮ್ಸ್‌ನ ರಾಷ್ಟ್ರೀಯ ಸಮೀಕ್ಷೆಯ ಲೆಕ್ಕದಲ್ಲಿ ಮದ್ಯವ್ಯಸನಿಗಳಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ದೇವಸ್ಥಾನ, ಮಸೀದಿ, ಚರ್ಚುಗಳಿಗೆ ಉಳಿದ 37 ಜನರ ಮನೆಯ ದಾರಿ ಗೊತ್ತು. ಅರ್ಚಕರು, ಗುರುಸ್ವಾಮಿಗಳು, ಮೌಲ್ವಿಗಳು, ಪಾದ್ರಿಗಳು ಹರಕೆ ಒಪ್ಪಿಸಿಕೊಳ್ಳುವಾಗಲೇ ಹತ್ತಿರದ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹೆಸರನ್ನೂ ಹೇಳಿ ಕಳಿಸಿದರೆ ಅರ್ಧ ಕೆಲಸ ಆದಂತೆ. ಮನೆಯಿಂದಲೇ ಕೇಳುವವರಿಗೆ ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416. ಎರಡಕ್ಕೂ ದುಡ್ಡಿಲ್ಲ. ಕುಡಿಯುವವರೇ ಕರೆ ಮಾಡಬೇಕೆಂದೂ ಇಲ್ಲ, ಹೆಂಡತಿಯೋ ಮಗಳೋ ಮಾಡಬಹುದು.