ಹಲಗೆಯೇ ಇಲ್ಲದ ಚೆಸ್ ಚಾಂಪಿಯನ್

ದಹಿಸರ್‌ನಲ್ಲಿ ಲೋಕಲ್ ಹತ್ತಿ ಚರ್ಚ್‌ಗೇಟ್‌ವರೆಗೂ ಫೋನಿನಲ್ಲಿ ಚೆಸ್ ಆಡ್ತೀರಾ? ಹಾಗಾದ್ರೆ ಇದು ನಿಮಗೇ.

ಜಗತ್ತಿನ ಅತಿ ಬಲಿಷ್ಠ ಚೆಸ್ ಎಂಜಿನ್‌ಗಳಲ್ಲಿ ಒಂದಾದ ಸ್ಟಾಕ್‌ಫಿಶ್‌ಗೆ ಸ್ವಂತ ಹಲಗೆಯೇ ಇಲ್ಲ! ಅದು ಬರೀ ಲೆಕ್ಕ ಹಾಕುತ್ತೆ. ಹಲಗೆ, ಗಡಿಯಾರ, ಪಾಠ ಎಲ್ಲವೂ ಬೇರೆ ಸಾಫ್ಟ್‌ವೇರ್‌ನ ಕೆಲಸ. ಎರಡರ ನಡುವೆ ಮಾತುಕತೆಗೆ 2000ರಲ್ಲಿ ಯುಸಿಐ ಎಂಬ ನಿಯಮಾವಳಿ ಬಂತು. ಹೀಗಾಗಿ ಆ್ಯಪ್ ಕಟ್ಟುವವರು ತಾವೇ ಎಂಜಿನ್ ಬರೆಯಲೇಬೇಕು ಅಂತಿಲ್ಲ.

ಆದರೆ ಎಂಜಿನ್ ಎಲ್ಲಿ ಓಡಬೇಕು ಅನ್ನೋದನ್ನು ಅವರು ಆರಿಸಲೇಬೇಕು. ಎಂಜಿನ್ ಫೋನಿನಲ್ಲೇ ಓಡಿದರೆ ಸಿಗ್ನಲ್ ಹೋದರೂ ವಿಶ್ಲೇಷಣೆ ಸಿಗುತ್ತೆ, ಬ್ಯಾಟರಿ ಮಾತ್ರ ಬೇಗ ಕರಗುತ್ತೆ. 2020ರಿಂದ ಸ್ಟಾಕ್‌ಫಿಶ್ ಜೊತೆ ನ್ಯೂರಲ್ ನೆಟ್‌ವರ್ಕ್ ಕೂಡ ಬರ್ತಿದೆ, ಅದರ ಫೈಲೇ ಹತ್ತಾರು ಎಂಬಿ. ಸರ್ವರ್‌ನಲ್ಲಿ ಓಡಿಸಿದರೆ ಫೋನ್ ಹಗುರ, ಆದರೆ ನೆಟ್ ಬೇಕೇ ಬೇಕು, ಖರ್ಚು ಆ್ಯಪ್‌ನವರದ್ದು.

1997ರಲ್ಲೇ ಡೀಪ್ ಬ್ಲೂ ಎಂಬ ಕಂಪ್ಯೂಟರ್ ವಿಶ್ವ ಚಾಂಪಿಯನ್ ಕ್ಯಾಸ್ಪರೋವ್‌ರನ್ನು ಸೋಲಿಸಿತ್ತು. ಕಲಿಯುವ ಮಗುವಿಗೆ ಅದಕ್ಕಿಂತ ಹೆಚ್ಚು ಬಲ ಯಾಕೆ? ಎಂಜಿನ್ ‘ಪ್ಲಸ್ 1.3’ ಅಂತ ಅಂಕ ಕೊಡುತ್ತೆ, ಕುದುರೆ ಯಾಕೆ ತಪ್ಪು ಮನೆಗೆ ಹೋಯ್ತು ಅಂತ ಹೇಳಲ್ಲ. ಅದನ್ನು ಬಿಡಿಸಿ ಹೇಳುವ ಸೌಲಭ್ಯಕ್ಕೇ ನನ್ನ ಮತ.

ಆ್ಯಪ್ ಕಟ್ಟುತ್ತಿರುವ ಗೆಳೆಯರೇ, ಆ ವಿವರಣೆಯನ್ನು ಕನ್ನಡದಲ್ಲೂ ಕೊಡಿ.