ಕಂಚಿನ ದನಿಯೂ ನಮ್ಮ ಕಿವಿಯೂ

ನಮ್ಮದು ಪಾತ್ರೆ ವ್ಯಾಪಾರ. ಕೃಷ್ಣಗಿರಿಯಲ್ಲಿ ತಂದೆಯವರು ಇಟ್ಟ ಅಂಗಡಿಯಲ್ಲಿ, ಎಸ್.ಎಸ್.ಎಲ್.ಸಿ. ಮುಗಿಸಿದ ವರ್ಷವೇ ಕೂತವರು ನಾವು. ಎವರ್‌ಸಿಲ್ವರ್ ಬಂದು ಕಂಚು, ಹಿತ್ತಾಳೆಗಳನ್ನು ಮೂಲೆಗೆ ತಳ್ಳಿದರೂ, ಪೂಜೆಯ ಗಂಟೆ, ಜಾಗಟೆ, ಊಟದ ಕಂಚಿನ ತಟ್ಟೆ ಕೇಳಿಕೊಂಡು ಬರುವವರು ಇಂದಿಗೂ ಇದ್ದಾರೆ. ತಂದೆಯವರು ನಮಗೆ ಮೊದಲು ಕಲಿಸಿದ ಪಾಠ ತಕ್ಕಡಿಯದಲ್ಲ, ಕಿವಿಯದು. ತಟ್ಟೆಯನ್ನು ಮೂರು ಬೆರಳ ತುದಿಯ ಮೇಲೆ ನಿಲ್ಲಿಸಿ, ಇನ್ನೊಂದು ಕೈಯ ಗೆಣ್ಣಿನಿಂದ ಅಂಚಿಗೆ ತಟ್ಟಬೇಕು. ಸುಮಾರು 78 ಪಾಲು ತಾಮ್ರ, 22 ಪಾಲು ತವರ ಬೆರೆತ ಒಳ್ಳೆಯ ಕಂಚಾದರೆ ದನಿ ಎದ್ದು, ಎಳೆದುಕೊಂಡು ಹೋಗಿ, ನಿಧಾನವಾಗಿ ಅಡಗುತ್ತದೆ. ಹಿತ್ತಾಳೆಯಾದರೆ ಬೇಗ ನಿಂತುಹೋಗುತ್ತದೆ. ಕೂದಲೆಳೆಯಷ್ಟು ಬಿರುಕಿದ್ದರೂ ಬೊದ್ದೆಂದು ತಾನೇ ಹೇಳಿಬಿಡುತ್ತದೆ.

ಇಂಥ ಕಿವಿಯ ಮೇಲೆ ನಮಗೆ ಹೆಮ್ಮೆಯಿತ್ತು. ಆ ಹೆಮ್ಮೆ ಹೊಸೂರಿನ ಒಂದು ಮನೆಯಲ್ಲಿ, ಒಂದು ಸಂಜೆ ಇಳಿದುಹೋದ ಸಂಗತಿಯನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ. ನಗುವವರು ನಗಲಿ, ಆದರೆ ಪೂರ್ತಿ ಓದಿ ನಗಲಿ.

ಅಳಿಯನ ಆಹ್ವಾನ

ನಮ್ಮ ತಂಗಿಯ ಮಗ ಹೊಸೂರಿನ ಒಂದು ಕಾರ್ಖಾನೆಯಲ್ಲಿ ಇಂಜಿನಿಯರ್. ಅವನಿಗೆ ಸಂಗೀತದ ಯಂತ್ರಗಳ ಹುಚ್ಚು. ಎಂಟು ವರ್ಷಗಳಿಂದ ಒಂದೊಂದೇ ಕೂಡಿಸಿ, ಮಹಡಿಯ ಮೇಲೆ ಒಂದು ಕೋಣೆಯನ್ನೇ ಅದಕ್ಕೆ ಬಿಟ್ಟಿದ್ದಾನೆ. ತಿಂಗಳಿಗೊಂದು ಭಾನುವಾರ ನಾಲ್ಕಾರು ಗೆಳೆಯರು ಸೇರಿ ಕೇಳುತ್ತಾರಂತೆ. "ಮಾವ, ನೀವೊಂದು ಸಲ ಬರಲೇಬೇಕು. ಭಾಷಣವಿಲ್ಲ, ವ್ಯಾಪಾರವಿಲ್ಲ, ಸುಮ್ಮನೆ ಕೂತು ಕೇಳುವುದು ಅಷ್ಟೆ" ಎಂದು ಕರೆದ. ಹನ್ನೆರಡು ವರ್ಷದ ಮೊಮ್ಮಗಳನ್ನು ಕರೆದುಕೊಂಡು ಶೂಲಗಿರಿ ದಾರಿಯಲ್ಲಿ ಹೊರಟೆವು. ಹೊತ್ತು ಮುಳುಗುವ ಮುಂಚೆ ತಂಗಿಯ ಕೈಯ ಊಟವಾಯಿತು. ಏಳು ಗಂಟೆಗೆ ಮಹಡಿ ಹತ್ತಿದೆವು.

ಕೋಣೆಯಲ್ಲಿ ಥಳಕು ಏನೂ ಇರಲಿಲ್ಲ. ನೆಲಕ್ಕೆ ಜಮಖಾನ, ಕಿಟಕಿಗೆ ದಪ್ಪ ಪರದೆ, ಹಿಂದಿನ ಗೋಡೆಯ ತುಂಬ ಪುಸ್ತಕ. ಬರಿಯ ಗೋಡೆಯಾದರೆ ದನಿ ಪುಟಿದು ಕಲಸಿಹೋಗುತ್ತದೆ, ಖಾಲಿ ಗೋದಾಮಿನಲ್ಲಿ ಮಾತಾಡಿದ ಹಾಗೆ ಎಂದು ಅಳಿಯ ವಿವರಿಸಿದ. ಎದುರಿಗೆ ಎರಡು ಸ್ಪೀಕರ್, ನಡುವೆ ನಮ್ಮ ಕುರ್ಚಿ. ಮೂರೂ ಸೇರಿ ಸಮ ತ್ರಿಕೋನ. ಸ್ಪೀಕರಿನ ಚಿಕ್ಕ ಬಾಯಿ ಕೂತವರ ಕಿವಿಯ ಮಟ್ಟಕ್ಕೇ ಬರಬೇಕಂತೆ. ಎರಡು ಕಡೆಯಿಂದ ಬೇರೆ ಬೇರೆ ದನಿ ಬಿಟ್ಟು ಹಾಡುಗಾರ ನಟ್ಟನಡುವೆ ಕೂತಂತೆ ಕಾಣಿಸುವ ಈ ಸ್ಟೀರಿಯೋ ಉಪಾಯಕ್ಕೆ ಇಂಗ್ಲೆಂಡಿನ ಆಲನ್ ಬ್ಲಮ್ಲೈನ್ ಎಂಬ ಇಂಜಿನಿಯರ್ 1931ರಲ್ಲೇ ಪೇಟೆಂಟ್ ಅರ್ಜಿ ಹಾಕಿದ್ದನಂತೆ.

ಆಂಪ್ಲಿಫೈಯರ್ ನೋಡಿ ನಮಗೆ ಸಂತೋಷವಾಯಿತು. ಅದರ ಮೇಲೆ ಗಾಜಿನ ವಾಲ್ವ್‌ಗಳು ದೀಪದಂತೆ ಕೆಂಪಗೆ ಉರಿಯುತ್ತಿದ್ದವು. ನಮ್ಮ ಬಾಲ್ಯದ ರೇಡಿಯೋದ ಒಳಗೆ ಇಣುಕಿ ನೋಡಿದರೆ ಕಾಣುತ್ತಿದ್ದದ್ದು ಇದೇ ಬೆಳಕು. ಅಂಥ ವಾಲ್ವ್‌ಗಳನ್ನು 1960ರ ದಶಕದಲ್ಲಿ ಬೆಂಗಳೂರು ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೇ ತಯಾರಿಸುತ್ತಿತ್ತು. ತಂದೆಯವರು ಅಂಗಡಿ ಬಾಗಿಲು ಹಾಕಿ ಬಂದ ಮೇಲೆ ಬೆಂಗಳೂರು ಆಕಾಶವಾಣಿ ಹಚ್ಚಿದರೆ ಮನೆಯಲ್ಲಿ ಯಾರೂ ತಟ್ಟೆ ಲೋಟ ಸದ್ದು ಮಾಡುವಂತಿರಲಿಲ್ಲ.

"ಎಲ್ಲಕ್ಕೂ ಎಷ್ಟಾಯಿತಪ್ಪಾ?" ಎಂದು ಕೇಳಿದೆವು. ವ್ಯಾಪಾರಿಯ ನಾಲಿಗೆ, ಸುಮ್ಮನಿರುವುದಿಲ್ಲ. "ಮೂರೂವರೆ ಲಕ್ಷ ಮಾವ, ಎಂಟು ವರ್ಷದಲ್ಲಿ" ಎಂದ. ನಾವು ಮನಸ್ಸಿನಲ್ಲೇ ಬಡ್ಡಿ ಹಾಕುತ್ತಿರುವುದು ಅವನಿಗೆ ತಿಳಿಯಿತೋ ಏನೋ, "ಸಾಲ ಮಾಡಿಲ್ಲ. ಕಾರು ಹಳೆಯದೇ ಇದೆ" ಎಂದು ನಕ್ಕ.

ಹುಚ್ಚು ಹೊಸದಲ್ಲ

ಇದು ಈಗಿನ ಹುಡುಗರ ಹುಚ್ಚು ಎಂದು ತಳ್ಳಿಹಾಕುವಂತಿಲ್ಲ. ನಮ್ಮ ದೇಶದಲ್ಲಿ ಗ್ರಾಮಫೋನಿಗಾಗಿ ಹಾಡು ಮುದ್ರಿಸಿಕೊಳ್ಳಲು ಕಂಪನಿಯವರು ಕಲ್ಕತ್ತೆಗೆ ಬಂದದ್ದು 1902ರಲ್ಲಿ. ಆಗ ಹಾಡಿ ಹೆಸರಾದ ಗೌಹರ್ ಜಾನ್ ಕೊನೆಯ ದಿನಗಳನ್ನು ಕಳೆದದ್ದು ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ. 1930ರಲ್ಲಿ ಅಲ್ಲಿಯೇ ತೀರಿಕೊಂಡರು. ಮುಂದೆ ಬಂದ ಜಯಚಾಮರಾಜ ಒಡೆಯರಂತೂ ಅರಮನೆಯಲ್ಲಿ ಪಾಶ್ಚಾತ್ಯ ಸಂಗೀತದ ರೆಕಾರ್ಡುಗಳ ಭಾರಿ ಸಂಗ್ರಹವನ್ನೇ ಇಟ್ಟಿದ್ದರು. ರಷ್ಯದ ಮೆಡ್ನರ್ ಎಂಬ ಸಂಗೀತಗಾರ ಮುಪ್ಪಿನಲ್ಲಿ ಲಂಡನ್ನಿನಲ್ಲಿ ಬಡತನದಲ್ಲಿದ್ದಾಗ, ಅವರ ಕೃತಿಗಳು ಅಳಿಯಬಾರದೆಂದು 1940ರ ದಶಕದ ಕೊನೆಯಲ್ಲಿ ರೆಕಾರ್ಡ್ ಮಾಡಿಸಲು ಹಣ ಕೊಟ್ಟವರು ಇದೇ ಮಹಾರಾಜರು. ತಾನು ಕೇಳಿ ಸುಖಪಟ್ಟದ್ದು ಇನ್ನೊಬ್ಬರಿಗೂ ಉಳಿಯಲಿ ಎಂಬುದು ದೊಡ್ಡ ಗುಣ.

ಅಳಿಯ ಮೊದಲು ಹಾಕಿದ್ದು ಮಲ್ಲಿಕಾರ್ಜುನ ಮನ್ಸೂರರ ಎಲ್.ಪಿ. ನಿಮಿಷಕ್ಕೆ 33 ಸುತ್ತು ಮತ್ತು ಮೂರನೆಯ ಒಂದು ಪಾಲು ತಿರುಗುವ ಆ ಕಪ್ಪು ತಟ್ಟೆಯ ಗೀರಿಗೆ ಸೂಜಿ ಇಳಿಯಿತು. ತಂಬೂರಿಯ ನಾದ ಕೋಣೆಯ ತುಂಬ ನಿಂತಿತು. ಪಂಡಿತರು ಉಸಿರೆಳೆದುಕೊಂಡದ್ದೂ ಕೇಳಿಸಿತು. ಜೋರು ಸದ್ದೇನಲ್ಲ, ಮೊಮ್ಮಗಳು ಪಿಸುಗುಟ್ಟಿದರೆ ತಿಳಿಯುವಷ್ಟೇ ಸದ್ದು. ಇಪ್ಪತ್ತು ನಿಮಿಷ ಯಾರೂ ಮಾತಾಡಲಿಲ್ಲ, ಯಾರೂ ಮೊಬೈಲ್ ಮುಟ್ಟಲಿಲ್ಲ. ಅಂಗಡಿ ಬಿಟ್ಟರೆ ಲೆಕ್ಕ, ಲೆಕ್ಕ ಬಿಟ್ಟರೆ ಫೋನು ಎಂದು ಬದುಕಿದ ನಮಗೆ, ಸಾಮಾಯಿಕದ ಹೊರಗೆ ಇಷ್ಟು ಹೊತ್ತು ಸುಮ್ಮನೆ ಕೂತ ನೆನಪೇ ಇರಲಿಲ್ಲ.

ರೇಷ್ಮೆಯ ಪ್ರಶ್ನೆ

ರೆಕಾರ್ಡು ತಿರುವಿ ಹಾಕುವಾಗ ಮೊಮ್ಮಗಳು ಸ್ಪೀಕರಿನ ಮೇಲ್ಭಾಗದ ಪುಟ್ಟ ಗುಬುಟು ತೋರಿಸಿ ಏನೆಂದು ಕೇಳಿದಳು. ಅದು ಟ್ವೀಟರ್, ಸಣ್ಣ ದನಿಗಳೆಲ್ಲ ಅದರಿಂದಲೇ ಬರುತ್ತವೆ. ರೇಷ್ಮೆ ಬಟ್ಟೆಯಿಂದ ಮಾಡಿದ್ದು ಎಂದು ಅಳಿಯ ಹೇಳಿದ. ತಂಗಿ ಬಾಗಿಲಲ್ಲೇ ನಿಂತಳು. ನಮ್ಮ ತಾಯಿಯವರು ರೇಷ್ಮೆ ಸೀರೆ ಬಿಟ್ಟವರು. ಹೊಸೂರಿನ ಸುತ್ತ ಹಿಪ್ಪುನೇರಳೆ ತೋಟಗಳಿವೆ, ಕೇಂದ್ರ ರೇಷ್ಮೆ ಮಂಡಳಿಯ ತಳಿ ಸಂರಕ್ಷಣಾ ಕೇಂದ್ರವೇ ಇಲ್ಲಿದೆ. ಗೂಡಿನೊಳಗಿನ ಹುಳುವನ್ನು ಕೊಂದು ನೂಲು ಬಿಚ್ಚುವುದನ್ನು ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಅಳಿಯನ ಮುಖ ಚಿಕ್ಕದಾಯಿತು. "ಕೊಳ್ಳುವಾಗ ನನಗೆ ಹೊಳೆಯಲೇ ಇಲ್ಲ ಮಾವ. ಅಲ್ಯೂಮಿನಿಯಂನಲ್ಲೂ ಮಾಡುತ್ತಾರೆ, ಪಾಲಿಯೆಸ್ಟರ್ ಬಟ್ಟೆಯಲ್ಲೂ ಮಾಡುತ್ತಾರೆ. ಮುಂದೆ ಕೇಳಿಯೇ ತರುತ್ತೇನೆ" ಎಂದ. ಎಸೆದುಬಿಡು ಎಂದು ನಾವು ಹೇಳಲಿಲ್ಲ. ಎಸೆದರೆ ಹುಳು ಬದುಕುವುದಿಲ್ಲ. ತಂದೆಯವರ ಕಾಲದ 78 ಸುತ್ತಿನ ತಟ್ಟೆಗಳಲ್ಲಿ ಅರಗು ಇರುತ್ತಿತ್ತು; ಅರಗೆಂದರೆ ಮರದ ಕೊಂಬೆಯ ಮೇಲೆ ಪುಟ್ಟ ಹುಳುಗಳು ಸುರಿಸುವ ಅಂಟು. ಆಗ ನಾವು ಯಾರೂ ಕೇಳಿರಲಿಲ್ಲ. ಈ ಹುಡುಗಿ ಕೇಳಿದಳು. ಔಷಧಿಯ ಡಬ್ಬಿಯನ್ನೂ ತಿಂಡಿಯ ಪೊಟ್ಟಣವನ್ನೂ ತಿರುಗಿಸಿ ಓದುವ ನಾವು ಇಂಥ ಸಾಮಾನುಗಳ ಬಗ್ಗೆಯೂ ಕೇಳುವುದು ಒಳ್ಳೆಯದು. ಕೇಳಿದರೆ ಬೇರೆಯದೂ ಸಿಗುತ್ತದೆ.

"ತಾತ, ಇನ್ನೂ ಕೇಳಿಸ್ತಾ ಇದೆಯಲ್ಲ!"

ಕೊನೆಗೆ ಭೀಮಸೇನ ಜೋಶಿಯವರ ದಾಸವಾಣಿ. ದನಿಯೇನೋ ಗುಡುಗಿನಂತೆ ಎದೆಗೆ ಬಂತು. ಆದರೆ ತಾಳ ನಮಗೆ ಹಿಡಿಸಲಿಲ್ಲ. ಟಿಕ್, ಟಿಕ್ ಎಂದು ಒಣಗಿದ ಸದ್ದು. ಹಾಡು ಮುಗಿದ ಮೇಲೆ ನಮ್ಮ ಪರಿಣತಿ ತೋರಿಸಿದೆವು: "ಯಂತ್ರ ಚೆನ್ನಾಗಿದೆಯಪ್ಪಾ, ಆದರೆ ಆ ತಾಳ ಕಂಚಿನದಲ್ಲ. ಕಂಚಾಗಿದ್ದರೆ ದನಿ ಎಳೆಯಬೇಕಿತ್ತು, ತಟ್ಟಿದ ಕೂಡಲೇ ನಿಂತುಹೋಗುತ್ತಿದೆ."

ಎಲ್ಲರೂ ಸುಮ್ಮನಾದರು. ಅಳಿಯ ಅದೇ ಜಾಗಕ್ಕೆ ಮತ್ತೆ ಸೂಜಿ ಇಟ್ಟ. ಟಿಕ್. ನಾವು "ನೋಡು, ನಿಂತಿತು" ಎಂದು ಬೆರಳೆತ್ತಿದೆವು. ಮೊಮ್ಮಗಳು ನಮ್ಮ ಮುಖವನ್ನೇ ನೋಡಿ, "ತಾತ, ಇನ್ನೂ ಕೇಳಿಸ್ತಾ ಇದೆಯಲ್ಲ!" ಎಂದಳು.

ಅಳಿಯ ಮೆಲ್ಲಗೆ, "ಮಾವ, ಒಂದು ಆಟ ಆಡೋಣ" ಎಂದು ಮೊಬೈಲಿನಿಂದ ಒಂದೊಂದೇ ಶ್ರುತಿ ಬಿಟ್ಟ. ಕೇಳುವವರೆಗೆ ಕೈ ಎತ್ತಿರಬೇಕು. ಎಳೆಯ ಕಿವಿ ಸೆಕೆಂಡಿಗೆ 20ರಿಂದ 20,000 ಕಂಪನದವರೆಗಿನ ದನಿ ಹಿಡಿಯುತ್ತದಂತೆ. 6,000 ಬರುವಷ್ಟರಲ್ಲಿ ನಮ್ಮ ಕೈ ಇಳಿದಿತ್ತು. 16,000ದಲ್ಲೂ ಮೊಮ್ಮಗಳ ಕೈ ಮೇಲೆಯೇ ಇತ್ತು.

ತಾಳ ಕಂಚಿನದೇ. ಒಡಕು ಬಂದದ್ದು ನಮ್ಮಲ್ಲಿ.

ವಾಪಸು ಬರುವಾಗ ದಾರಿಯುದ್ದಕ್ಕೂ ಹಳೆಯದೆಲ್ಲ ಲೆಕ್ಕಕ್ಕೆ ಬಂತು. ಟಿ.ವಿ. ಸದ್ದಿಗಾಗಿ ಮನೆಯವರೊಡನೆ ಜಗಳ. ಬಸದಿಯ ಪ್ರವಚನದಲ್ಲಿ "ಈಗಿನ ವಿದ್ವಾಂಸರು ಬಾಯಿ ಬಿಟ್ಟು ಮಾತಾಡುವುದಿಲ್ಲ" ಎಂದು ನಾವು ದೂರಿದ್ದು. ಫೋನಿನಲ್ಲಿ ಒಬ್ಬರು ಇಪ್ಪತ್ತು ಬಿಂದಿಗೆ ಬೇಕೆಂದಾಗ ಎಪ್ಪತ್ತೆಂದು ಬರೆದುಕೊಂಡು ತರಿಸಿ, ಅವರೇ ತಪ್ಪು ಹೇಳಿದರೆಂದು ಎರಡು ತಿಂಗಳು ಮಾತು ಬಿಟ್ಟದ್ದು. ಇನ್ನು ಕಳೆದ ವರ್ಷ, ಕಂಚಿನ ತಟ್ಟೆ ಕಳಿಸಿದ ಒಬ್ಬ ಕುಶಲಕರ್ಮಿಯ ಮಾಲನ್ನು "ಬೆರಕೆ" ಎಂದು ಹಿಂದಿರುಗಿಸಿದ್ದೆವು. ಆ ರಾತ್ರಿ ನಿದ್ದೆ ಬರದಂತೆ ಮಾಡಿದ್ದು ಇದೇ. ತಪ್ಪು ಅವನ ಕಂಚಿನದೋ, ನಮ್ಮ ಕಿವಿಯದೋ?

ಡಾಕ್ಟರು ತಿಳಿಸಿದ್ದು

ಮರುವಾರವೇ ಶ್ರವಣ ಪರೀಕ್ಷೆ ಮಾಡಿಸಿದೆವು. ಸದ್ದಿಲ್ಲದ ಪುಟ್ಟ ಕೋಣೆಯಲ್ಲಿ ಕೂರಿಸಿ, ಒಂದೊಂದು ಕಿವಿಗೂ ಬೇರೆ ಬೇರೆ ಶ್ರುತಿ ಕೇಳಿಸಿ, ಕೇಳಿದಾಗ ಗುಂಡಿ ಒತ್ತಿಸುತ್ತಾರೆ. ನೋವಿಲ್ಲ, ಸೂಜಿಯಿಲ್ಲ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಒಂದು ಅಂಗವಿದೆ. ಅದರೊಳಗಿನ ಸೂಕ್ಷ್ಮ ಕೂದಲಿನಂಥ ಕೋಶಗಳು ದನಿ ಹಿಡಿಯುತ್ತವೆ. ವಯಸ್ಸಿನಿಂದಲೂ ಸದ್ದಿನಿಂದಲೂ ಅವು ಸಾಯುತ್ತವೆ, ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ಮೇಲಿನ ಶ್ರುತಿಯವು. ಸ, ಶ, ತ ಮುಂತಾದ ಅಕ್ಷರಗಳ ಸ್ಪಷ್ಟತೆ ಇರುವುದೂ ಅಲ್ಲಿಯೇ. ಆದ್ದರಿಂದ ದನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ಎದುರಿನವರು ಗೊಣಗುತ್ತಿದ್ದಾರೆ ಅನ್ನಿಸುತ್ತದೆ.

ಎರಡೂ ಕಿವಿಗೆ ಶ್ರವಣ ಸಾಧನ ಹಾಕಿಕೊಂಡಿದ್ದೇವೆ. ಮೊದಲ ಮೂರು ವಾರ ಪೇಪರ್ ಮಡಚುವ ಸದ್ದೂ ಕಿರಿಕಿರಿ. ಬಿಡದೆ ಹಾಕಿಕೊಂಡರೆ ಒಗ್ಗುತ್ತದೆ. ಕನ್ನಡಕ ಹಾಕಿಕೊಂಡಾಗ ನಾಚದವರು ಇದಕ್ಕೇಕೆ ನಾಚಬೇಕು? ದೂರದವರಿಗೆ ಅನುಕೂಲವಾಗಲೆಂದು ಹೇಳುತ್ತೇವೆ: ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಕೇಂದ್ರ ಸರ್ಕಾರದ ಆರೋಗ್ಯ ಇಲಾಖೆಗೆ ಸೇರಿದ್ದು, ಮಕ್ಕಳಿಗೂ ಹಿರಿಯರಿಗೂ ಅಲ್ಲಿ ಪರೀಕ್ಷೆ ಮಾಡುತ್ತಾರೆ.

ಮನೆಯ ಮಕ್ಕಳ ಬಗ್ಗೆ ಒಂದು ಮಾತು. ದೊಡ್ಡವರಿಗೆ 80 ಡೆಸಿಬಲ್ ಸದ್ದು ವಾರಕ್ಕೆ 40 ಗಂಟೆಗಿಂತ ಹೆಚ್ಚು ಬೇಡ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸದ್ದು ಮೂರು ಡೆಸಿಬಲ್ ಏರಿದರೆ ಅವಧಿ ಅರ್ಧಕ್ಕೆ ಇಳಿಯಬೇಕು. ಮಕ್ಕಳಿಗೆ ಮಿತಿ ಇನ್ನೂ ಕಡಿಮೆ. ಇಯರ್‌ಫೋನ್ ಸಿಕ್ಕಿಸಿಕೊಂಡು ಬಸ್ಸಿನ ಸದ್ದನ್ನು ಮೀರಿಸುವಷ್ಟು ಜೋರಿಡುವ ಹುಡುಗರು ಮುಂದಿನ ವರ್ಷಗಳ ಬಂಡವಾಳವನ್ನು ಈಗಲೇ ಖರ್ಚು ಮಾಡುತ್ತಿದ್ದಾರೆ. ಮೂರೂವರೆ ಲಕ್ಷದ ಯಂತ್ರದಲ್ಲಿ ಬಿಡಿಭಾಗ ಬದಲಿಸಬಹುದು. ಹುಟ್ಟುವಾಗ ಬಿಟ್ಟಿ ಬಂದ ಈ ಎರಡಕ್ಕೆ ಬಿಡಿಭಾಗ ಸಿಗುವುದಿಲ್ಲ.

ಮೊನ್ನೆ ಮತ್ತೆ ಹೊಸೂರಿಗೆ ಹೋಗಿದ್ದೆವು. ಅದೇ ದಾಸವಾಣಿ ಹಾಕಿಸಿದೆವು. ತಾಳ ಸ್ವಲ್ಪ ಎಳೆಯಿತು. ಹಳೆಯ ಹಾಗಲ್ಲ, ನಿಜ ಹೇಳುತ್ತೇವೆ. ಹೋದದ್ದೆಲ್ಲ ಬರಲಿಲ್ಲ. ಬಂದಷ್ಟಕ್ಕೆ ಕಣ್ಣು ತುಂಬಿತು.

ಆ ಕುಶಲಕರ್ಮಿಗೆ ಫೋನು ಮಾಡಿ ತಪ್ಪೊಪ್ಪಿಕೊಂಡು, ಹಿಂದಿರುಗಿಸಿದ ತಟ್ಟೆಗಳನ್ನು ಮತ್ತೆ ತರಿಸಿದೆವು. ರಜೆಯಲ್ಲಿ ಮೊಮ್ಮಗಳು ಅಂಗಡಿಗೆ ಬಂದಾಗ ಅವುಗಳನ್ನು ಒಂದೊಂದಾಗಿ ಮೂರು ಬೆರಳ ಮೇಲೆ ನಿಲ್ಲಿಸಿ ತಟ್ಟಿದೆವು. ಅವಳು ಕಣ್ಣು ಮುಚ್ಚಿ ಕೇಳಿ, ದನಿ ಅಡಗಿದಾಗ ಕೈ ಇಳಿಸಿದಳು. ಹನ್ನೆರಡರಲ್ಲಿ ಹನ್ನೆರಡೂ ಅಪ್ಪಟ ಕಂಚು.